ಟ್ಯಾಂಕ್ ಇಳಿಸಿದ ದಿನ

ಕೀಲಿ ಅರ್ಧ ತಿರುಗಿಸಿದರೆ ಸೀಟಿನ ಹಿಂದೆ, ಕೆಳಗೆಲ್ಲೋ,
ಎರಡು ಸೆಕೆಂಡು ಗುಂಯ್ ಅನ್ನುತ್ತಿತ್ತು,
ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ.
ಹದಿನಾಲ್ಕು ವರ್ಷ ಅದನ್ನು ಕೇಳಿಯೇ ಗಾಡಿ ಎತ್ತಿದವನು ನಾನು,
ಕೇಳುತ್ತಿದ್ದೇನೆಂದು ಗೊತ್ತಿರಲಿಲ್ಲ.

ಗೇರುಸೊಪ್ಪೆ ಘಾಟಿಯ ಒಂದು ತಿರುವಿನಲ್ಲಿ
ಅದು ಅನ್ನಲಿಲ್ಲ.
ಹಿಂದೆ ಇಪ್ಪತ್ತೆರಡು ಕ್ರೇಟು ಬಂಗುಡೆ. ಐಸು ಕರಗಿ
ಡಾಂಬರಿನ ಮೇಲೆ ಗೆರೆ ಎಳೆಯುತ್ತಿತ್ತು.
ಮುಳ್ಳು ಮಾತ್ರ ಅರ್ಧ ಟ್ಯಾಂಕ್ ತೋರಿಸುತ್ತ
ಸತ್ಯಸಂಧನಂತೆ ಕೂತಿತ್ತು.
ವೀಲ್ ಸ್ಪ್ಯಾನರಿಗೆ ಗೋಣಿ ಸುತ್ತಿ ಟ್ಯಾಂಕಿಗೆ ಬಡಿದೆ.
ಗುಂಯ್.
ಶಿವಮೊಗ್ಗ ಮುಟ್ಟುವಷ್ಟರಲ್ಲಿ ಏಳು ಸಲ ಬಡಿದಿದ್ದೆ.

ಆಟೋ ಕಾಂಪ್ಲೆಕ್ಸಿನ ದಸ್ತಗೀರಣ್ಣ ಆಡಿದ ಮೊದಲ ಮಾತು:
“ಅರ್ಧ ತುಂಬಿಸ್ಕೊಂಡು ಬಂದೀಯಲ್ಲೋ ಹರಿಕಂತ್ರ,
ಖಾಲಿ ಮಾಡ್ಕೊಂಡು ಬರೋಕೆ ಏನು ಧಾಡಿ?”
ಮೂವತ್ತೊಂದು ಲೀಟರು. ಪೈಪಿನಲ್ಲಿ ಹೀರಿ,
ಬಾಯಿಗೆ ಬಂದದ್ದನ್ನು ಉಗಿದು, ಮತ್ತೆ ಹೀರಿ
ಕ್ಯಾನುಗಳಿಗೆ ಇಳಿಸಿದ ನೆಲ್ಸನ್,
ಐಟಿಐ ಮುಗಿಸಿ ಮೂರು ತಿಂಗಳಾದ ಹುಡುಗ.

ಟ್ಯಾಂಕ್ ಹೊತ್ತ ಪಟ್ಟಿಗೆ ಎರಡು ಬೋಲ್ಟು.
ಹೊನ್ನಾವರದ ಉಪ್ಪುಗಾಳಿ ತಿಂದು ತಲೆ ಉರುಟಾಗಿ
ಸ್ಪ್ಯಾನರು ನಿಲ್ಲುತ್ತಿರಲಿಲ್ಲ.
ಸೀಮೆಎಣ್ಣೆ ಕುಡಿಸಿ ಕಾದೆವು:
ಎರಡು ಚಹಾ, ಒಂದು ನಮಾಜು.
ಒಂದು ಬಿಚ್ಚಿತು. ಇನ್ನೊಂದು ಮುರಿಯಿತು.
“ಮುರೀಲಿ ಬಿಡು. ಮುರಿದಿದ್ದೂ ಬಿಚ್ಚಿದ ಲೆಕ್ಕಾನೇ.”

ಟ್ಯಾಂಕಿನ ನೆತ್ತಿಯ ಬಳೆಗೆ ಹಿತ್ತಾಳೆ ಉಳಿ ಇಟ್ಟು
ಸುತ್ತ ಮೆಲ್ಲಗೆ ತಟ್ಟಿದ. ಉಕ್ಕಾದರೆ ಕಿಡಿ, ಕಿಡಿಯಾದರೆ,
ಮುಂದಿನದು ಹೇಳಲಿಲ್ಲ,
ತೋಳಿನ ಸುಟ್ಟ ಕಲೆಯ ಮೇಲೆ ಅಂಗಿ ಇಳಿಸಿಕೊಂಡ.

ಪಂಪು ಮೇಲೆ ಬಂತು. ಜಾಲರಿಯ ತುಂಬ
ತುಕ್ಕಿನ ಹಕ್ಕಳೆ, ಕರಿ ಜಿಗಟು, ನಡುವೆ
ಕೊಳೆಯಲೊಲ್ಲದ ಒಂದಿಷ್ಟು ನೂಲು.
ನೆಲ್ಸನ್ ಅದನ್ನು ಡೀಸೆಲ್ಲಿನಲ್ಲೇ ಜಾಲಾಡಿ, ಹಿಂಡಿ,
ಬಾನೆಟ್ಟಿನ ಮೇಲೆ ಹರಡಿದ.
ನೀಲಿ ಹಸಿರು ಚೌಕಳಿ. ಅಂಗೈಯಗಲ.

ನನ್ನ ಲುಂಗಿ.

ಮೂರು ವರ್ಷದ ಕೆಳಗೆ ಮುಚ್ಚಳ ಕಳೆದು
ಅಂಚು ಹರಿದು ಉಂಡೆ ಮಾಡಿ ತುರುಕಿದ್ದೆ, ಒಂದು ದಿನದ ಮಟ್ಟಿಗೆ.
ಹೊಸ ಮುಚ್ಚಳ ಹಾಕುವಾಗ ಬಟ್ಟೆ ಕಾಣಲಿಲ್ಲ.
ಬಿದ್ದುಹೋಗಿರಬೇಕು ಅಂದುಕೊಂಡೆ.
ಯಾವ ಕಡೆಗೆ ಬಿತ್ತೆಂದು ಕೇಳಿಕೊಳ್ಳಲಿಲ್ಲ.

ಗಾಡಿ ಜಗ್ಗತೊಡಗಿದಾಗ ಆಯನೂರಿನ ಬಂಕಿನಲ್ಲಿ
ಮಾಲತೇಶನ ಕಾಲರು ಹಿಡಿದಿದ್ದೆ.
“ನೀರು ಬೆರೆಸ್ತೀಯೇನೋ?”
ಹುಡುಗ ಗಾಜಿನ ಜಾಡಿಯಲ್ಲಿ ಹಿಡಿದು ತಂದ,
ಬಿಸಿಲಿಗೆ ಎತ್ತಿ ತೋರಿಸಿದ. ತಿಳಿ ಹಳದಿ.
ಅದರಾಚೆ ಅವನ ಮುಖ ಅಗಲವಾಗಿ ಕಂಡಿತ್ತು.
ನಾನು ಕೈ ಬೀಸಿದೆ. ಜಾಡಿ ಒಡೆಯಿತು.
ಜನ ಸೇರಿದರು, ಮೊಬೈಲು ಎತ್ತಿದರು, ಮಾಲೀಕ ಬಂದ.
ಮರುವಾರ ಅವನಿರಲಿಲ್ಲ.
ನ್ಯಾಯ ಸಿಕ್ಕಿತೆಂದು ನಲವತ್ತು ಲೀಟರು ಹಾಕಿಸಿದ್ದೆ.

ಹುಬ್ಬಳ್ಳಿಯಿಂದ ಟ್ಯಾಂಕೂ ಪಂಪೂ ಬಸ್ಸಿನ ಮೇಲೆ ಬಂದವು.
ಹೊಸ ಪಂಪಿಗೆ ನಾಲ್ಕು ಪಿನ್ನು, ನನ್ನ ಗಾಡಿಗೆ ಮೂರು.
ದಸ್ತಗೀರಣ್ಣ ಪೂರ್ವಾಹ್ನವೆಲ್ಲ ಕಂಪನಿಯವರ ವಂಶ ಜಾಲಾಡಿ
ಮಧ್ಯಾಹ್ನದ ಮೇಲೆ ವೈರು ಕತ್ತರಿಸಿ ಬೆಸೆದ.
ರಬ್ಬರ್ ಉಂಗುರಕ್ಕೆ ಬೆರಳಲ್ಲಿ ಡೀಸೆಲ್ ಸವರಿದ,
ಕೂಸಿನ ನೆತ್ತಿಗೆ ಎಣ್ಣೆ ಒತ್ತುವ ಹಾಗೆ.
ಕಿವಿ ಮಂದ ಅವನಿಗೆ, ಎಂಜಿನ್ನುಗಳ ನಡುವೆ ಬೆಳೆದ ಕಿವಿ.
ಅಂಗೈ ಟ್ಯಾಂಕಿಗೆ ಒತ್ತಿ, “ಹಾಕು” ಅಂದ.
ಕೀಲಿ ಅರ್ಧ ತಿರುಗಿಸಿದೆ.
“ಬಂತು” ಅಂದ, ನನಗೆ ಕೇಳಿಸುವ ಮೊದಲೇ.

ವಾಪಸು ಹೋಗುತ್ತ ಆಯನೂರಿನಲ್ಲಿ ನಿಲ್ಲಿಸಿದೆ.
ನಾಜಲ್ ಹಿಡಿದದ್ದು ಒಬ್ಬ ಹೆಂಗಸು, ಸೀರೆಯ ಮೇಲೆ ಖಾಕಿ ಅಂಗಿ.
“ಯಾವ ಮಾಲತೇಶ? ನಾ ಬಂದು ಆರು ತಿಂಗ್ಳು.”
ಒಳಗೆ ವಿಚಾರಿಸಿ ಬಂದಳು. ಶಿಕಾರಿಪುರದ ಕಡೆ ಅಂತೆ,
ಟೈಲ್ಸ್ ಕೆಲಸವಂತೆ, ನಂಬರು ಬದಲಾಗಿದೆಯಂತೆ.
ಜೇಬಿನಲ್ಲಿ ಚೌಕಳಿ ತುಂಡು ಇನ್ನೂ ಘಾಟು.
ಹೊಸ ಮುಚ್ಚಳದ ಬೀಗ ತೆಗೆದುಕೊಟ್ಟೆ.

“ಝೀರೋ ನೋಡ್ಕಳಿ ಅಣ್ಣ” ಅಂದಳು.
ನೋಡಿದೆ.